ಬ್ಯಾಟರಿ ಸೈಕಲ್ಲಿಗೆ ಎರಡು ನೀರು

ಪ್ರವೀಣಕುಮಾರರು ಹೇಳಿದ್ದು ಇಷ್ಟೇ: "ಕೆಸರು ಸ್ವಲ್ಪ ಜಾಸ್ತಿ ಆಗೈತೆ. ಹಂಗಂತ ತೊಳೀರಿ ಅಂತ ನಾನೇನು ಹೇಳಲ್ಲ, ಸಂಜೀವ."

ಸಂಜೀವ ಕೂಡ್ಲಿಗಿಯ 'ಹಸಿರು ದಿಬ್ಬ' ಎಂಬ ಸಂಸ್ಥೆಯಲ್ಲಿ ಆರು ವರ್ಷದಿಂದ ತಾತ್ಕಾಲಿಕ ಸಹಾಯಕ. ಗುಡ್ಡಗಳ ಮೇಲೆ ಸಸಿ ನೆಡಿಸುವುದು, ಆಮೇಲೆ ಬದುಕಿದ್ದೆಷ್ಟು, ಒಣಗಿದ್ದೆಷ್ಟು ಎಂದು ಎಣಿಸುವುದು ಸಂಸ್ಥೆಯ ಕೆಲಸ. ನೆಡುವುದಕ್ಕೆ ಕೂಲಿಯವರಿದ್ದರು, ಎಣಿಸುವುದಕ್ಕೆ ಸಂಜೀವನಿದ್ದ, ಸಹಿ ಮಾಡುವುದಕ್ಕೆ ಯೋಜನಾಧಿಕಾರಿ ಪ್ರವೀಣಕುಮಾರರಿದ್ದರು. ಗುಡ್ಡ ಹತ್ತಲು ಅನುಕೂಲವಾಗಲೆಂದು ದಾನಿಯೊಬ್ಬರು ಸಂಸ್ಥೆಗೆ ಒಂದು ಬ್ಯಾಟರಿ ಸೈಕಲ್ಲು ಕೊಟ್ಟಿದ್ದರು. ದಪ್ಪ ಟೈರು, ಪೆಡಲಿನ ಹತ್ತಿರ ಮೋಟರು, ಹ್ಯಾಂಡಲ್ ಮೇಲೆ ಅಂಗೈಯಗಲದ ಪರದೆ. ಎಣಿಸುವವನಿಗೆ ಬರಬೇಕಾದ ಈ ಸೈಕಲ್ಲು ಸಹಿ ಮಾಡುವವರ ಹತ್ತಿರವೇ ಉಳಿದುಕೊಂಡಿತ್ತು. ಸಂಜೀವನಿಗೆ ಅದರ ಬಗ್ಗೆ ಬೇಸರವಿರಲಿಲ್ಲ. ಅವನಿಗೆ ಬೇಕಾದದ್ದು ಒಂದೇ, ನೌಕರಿ ಕಾಯಂ ಆಗಬೇಕು. ಅದಕ್ಕೆ ಪ್ರವೀಣಕುಮಾರರ ಶಿಫಾರಸು ಪತ್ರ ಬೇಕು. ಪತ್ರ ಬರೆದಾಗಿದೆ, ಸಹಿ ಒಂದೇ ಬಾಕಿ ಎಂದು ಅವರು ಯುಗಾದಿಯಿಂದ ಹೇಳುತ್ತ ಬಂದಿದ್ದರು. ಈಗ ದೀಪಾವಳಿ ಹತ್ತಿರವಾಗಿತ್ತು.

ಇಂಥ ಮನುಷ್ಯನಿಗೆ "ತೊಳೀರಿ ಅಂತ ಹೇಳಲ್ಲ" ಎಂದರೆ, ಹಸಿದವನ ಮುಂದೆ ಎಲೆ ಹಾಕಿ, ಅನ್ನ ಬಡಿಸಿ, "ಉಣ್ಣು ಅಂತ ಹೇಳೋದಿಲ್ಲ" ಎಂದ ಹಾಗೆ.

ಭಾನುವಾರ ಮುಂಜಾನೆ ಏಳು ಗಂಟೆಗೆ ಗೂಡ್ಸ್ ಆಟೋದಲ್ಲಿ ಸೈಕಲ್ಲನ್ನು ಹಾಕಿಸಿಕೊಂಡು ಬಂದ ಪ್ರವೀಣಕುಮಾರರು ಅದನ್ನು ಸಂಜೀವನ ಮನೆಯ ಗೋಡೆಗೆ ಒರಗಿಸಿದರು. "ನಾನು ಹರಪನಹಳ್ಳಿಗೆ ಹೋಗ್ತಾ ಇದೀನಿ, ಮನೆಗೆ ಬೀಗ. ಸಂಜೆ ಐದಕ್ಕೆ ಬಂದು ತಗೊಂಡು ಹೋಗ್ತೀನಿ. ಚಾರ್ಜ್ ಇಲ್ಲ, ಆನ್ ಮಾಡೋಕೆ ಹೋಗ್ಬೇಡ್ರಿ. ನಾಳೆ ಹತ್ತಕ್ಕೆ ಮೇಡಂ ಬರ್ತಾರೆ, ನೆನಪೈತಲ್ಲ?" ಎಂದು ಹೇಳಿ ಅದೇ ಆಟೋದಲ್ಲಿ ಬಸ್ ಸ್ಟ್ಯಾಂಡಿನ ಕಡೆ ಹೊರಟುಹೋದರು.

ಮೇಡಂ ಎಂದರೆ ಸಂಸ್ಥೆಯ ನಿರ್ದೇಶಕಿ ಗುರುಬಸಮ್ಮ. ಹೊಸಪೇಟೆಯಲ್ಲಿರುತ್ತಿದ್ದರು. ಶಿಫಾರಸು ಪತ್ರ ಅವರ ಕೈಗೇ ಹೋಗಬೇಕು. ಥಳಥಳಿಸುವ ಸೈಕಲ್ಲು, ಖುಷಿಯಾದ ಪ್ರವೀಣಕುಮಾರರು, ಅವರ ಕಿಸೆಯಿಂದ ಹೊರಬರುವ ಪೆನ್ನು, ಇವೆಲ್ಲ ಸಂಜೀವನ ಕಣ್ಣ ಮುಂದೆ ಒಂದರ ಹಿಂದೊಂದು ಸಾಲಾಗಿ ಹೋದವು.

ಹೆಂಡತಿ ಸಂಘಮಿತ್ರಾ ತಾಲ್ಲೂಕು ಆಸ್ಪತ್ರೆಯಲ್ಲಿ ನರ್ಸು. ಬೆಳಗಿನ ಡ್ಯೂಟಿಗೆ ಹೊರಟವಳು ಸೈಕಲ್ಲನ್ನೂ ಗಂಡನ ಮುಖವನ್ನೂ ಒಮ್ಮೆ ನೋಡಿದಳು.

"ಮುಟ್ಟಬ್ಯಾಡ್ರಿ ಅದನ್ನ."

"ಮುಟ್ಟಂಗಿಲ್ಲ. ಮ್ಯಾಲ ಮ್ಯಾಲ ಒರಸ್ತೀನಿ ಅಷ್ಟ."

"ನಮ್ಮ ವಾರ್ಡಿಗೆ ಬರೋ ಪೇಷೆಂಟೆಲ್ಲಾ ಹಿಂಗ ಅಂತಾರ. ಮ್ಯಾಲ ಮ್ಯಾಲ ಏನೋ ಮಾಡಿದ್ವಿ ಅಂತ," ಎಂದು ಚಪ್ಪಲಿ ಮೆಟ್ಟಿ ಹೊರಟಳು.

ಸಂಜೀವ ಗಡಿಬಿಡಿಯ ಮನುಷ್ಯನಲ್ಲ. ಮೊಬೈಲಿನಲ್ಲಿ ಮೂರು ವಿಡಿಯೋ ನೋಡಿದ. ಕೇಳಿದ್ದನ್ನು ಹಳೇ ಕ್ಯಾಲೆಂಡರಿನ ಹಿಂದೆ ಬರೆದುಕೊಂಡ. ಮೊದಲು ಬ್ಯಾಟರಿ ಬಿಚ್ಚಿ ಒಣ ಜಾಗದಲ್ಲಿ ಇಡಬೇಕು. ಅದು ಕೂರುವ ಜಾಗದ ಪಿನ್ನುಗಳಿಗೂ ಹ್ಯಾಂಡಲ್ ಮೇಲಿನ ಪರದೆಗೂ ಪ್ಲಾಸ್ಟಿಕ್ ಕಟ್ಟಬೇಕು. ಜೋರಾಗಿ ನೀರು ಬಿಡಲೇಬಾರದು, ಮೋಟರಿನ ಹತ್ತಿರವಂತೂ ಒದ್ದೆ ಬಟ್ಟೆ ಸಾಕು. ತಲೆಕೆಳಗು ಮಾಡಿ ನಿಲ್ಲಿಸಬಾರದು. ಚೈನಿಗೆ ಮಾತ್ರ ಎಣ್ಣೆ, ಬ್ರೇಕಿನ ತಟ್ಟೆಗೆ ಒಂದು ಹನಿಯೂ ತಾಗಬಾರದು. ಪೂರ್ತಿ ಒಣಗಿದ ಮೇಲೆಯೇ ಬ್ಯಾಟರಿ ಹಾಕಬೇಕು. ಈ ಚೀಟಿಯನ್ನು ಅವನು ಬಾಗಿಲ ಮೊಳೆಗೆ ಸಿಕ್ಕಿಸಿದ. ಒಬ್ಬನೇ ಇದ್ದಿದ್ದರೆ ಎಲ್ಲವೂ ಚೀಟಿಯಂತೆಯೇ ಆಗುತ್ತಿತ್ತು.

ಬ್ಯಾಟರಿಯನ್ನು ಬಿಚ್ಚಿದ. ಮೊಳದುದ್ದ, ಕಪ್ಪಗೆ, ಆರು ತಿಂಗಳ ಕೂಸಿನಷ್ಟು ಭಾರ. ಪಡಸಾಲೆಯ ಕಟ್ಟೆಯ ಮೇಲೆ ಟವೆಲ್ ಹಾಸಿ ಮಲಗಿಸಿದ. ಒಳಗಿನಿಂದ ಬಂದ ತಾಯಿ ಕನಕಮ್ಮ ಸೈಕಲ್ಲಿನ ಕೆಸರನ್ನು ಮುಟ್ಟಿ ನೋಡಿದಳು.

"ಇದೇನೋ ಯಪ್ಪಾ, ಸಿಡಿದ ಕೆಸರ ಹಂಗಿಲ್ಲಲ್ಲ ಇದು. ಗ್ವಾಡಿಗೆ ಮೆತ್ತಿದಂಗ ಐತಿ. ಇಲ್ನೋಡು, ನಾಕು ಬಟ್ಟಿನ ಗುರುತು ಮೂಡ್ಯಾವ."

"ಯವ್ವಾ, ಗುಡ್ಡದಾಗ ಹೋದ್ರ ಹಂಗ ಆಕ್ಕೈತಿ. ನೀ ಒಳಗ ಹೋಗು."

ಸಂಜೀವ ಮಗ್ಗಿನಲ್ಲಿ ನೀರು ಹೊಯ್ದು ಮೆತ್ತನೆಯ ಬ್ರಷ್ಷಿನಿಂದ ತಿಕ್ಕತೊಡಗಿದ. ಕೆಸರು ಹಪ್ಪಳದಂತೆ ಎದ್ದು ಬಂತು. ಎದುರು ಮನೆಯ ಹುಲುಗಪ್ಪ ಬಂದದ್ದು ಆಗಲೇ.

ಹುಲುಗಪ್ಪ ನಿವೃತ್ತ ಲೈನ್‌ಮನ್. ನಿವೃತ್ತಿಯಾಗಿ ಒಂಬತ್ತು ವರ್ಷವಾಗಿದ್ದರೂ ಓಣಿಯಲ್ಲಿ ಕರೆಂಟು ಹೋದರೆ ಜನ ಅವನ ಮುಖವನ್ನೇ ನೋಡುತ್ತಿದ್ದರು, ಅವನು ಕಂಬದ ಕಡೆ ನೋಡಿ ತಲೆಯಾಡಿಸುತ್ತಿದ್ದ. ಕರೆಂಟು ತಾನಾಗಿ ಬಂದಾಗ ತಾನೇ ತರಿಸಿದ ಹಾಗೆ ಒಳಗೆ ಹೋಗುತ್ತಿದ್ದ. ಬ್ಯಾಟರಿ, ವೈರು, ಮೋಟರು ಇರುವ ಸಾಮಾನನ್ನು ತನಗೆ ಹೇಳದೆ ತೊಳೆಯುವುದು ಅವನ ದೃಷ್ಟಿಯಲ್ಲಿ ಅಪರಾಧ.

"ಅಳಿಯಾ, ಕರೆಂಟಿನ ಸಾಮಾನಿಗೆ ನೀರು ಹಾಕಾಕತ್ತಿಯಲ್ಲ! ಕೆಳಗ ಮಣಿ ಹಾಕ್ಕೊಂಡು ನಿಂದ್ರು. ಕಾಲಾಗ ರಬ್ಬರ್ ಚಪ್ಲಿ ಅದಾವೋ ಇಲ್ಲೋ?"

"ಮಾವ, ಬ್ಯಾಟರಿ ಬಿಚ್ಚಿಟ್ಟೀನಿ. ಕರೆಂಟು ಎಲ್ಲಿಂದ ಬರ್ತೈತಿ?"

"ಲೈನ್ ಆಫ್ ಮಾಡಿದ್ರೂ ಶಾಕ್ ಹೊಡೀತೈತಪಾ. ಮೂವತ್ತೆರಡು ವರ್ಷ ಸರ್ವೀಸ್ ಮಾಡೀನಿ. ಕರೆಂಟು ಅನ್ನೋದು ಸಾಲಗಾರನ ಹಂಗ, ಹೋದ ಅಂದ್ಕೊಂಡಿರ್ತೀವಿ, ಬಾಗ್ಲ ಹಿಂದ ನಿಂತಿರ್ತಾನ."

ಸಂಜೀವ ಮಣೆಯ ಮೇಲೆ ನಿಂತ. ಹುಲುಗಪ್ಪ ಸುತ್ತಲೂ ಒಂದು ಪ್ರದಕ್ಷಿಣೆ ಹಾಕಿ, "ಈ ಮಗ್ಗಿನಾಗ ತೊಳದ್ರ ದೀಪಾವಳಿ ಮುಗೀತೈತಿ" ಎಂದ. ಸಂಜೀವ ಚೀಟಿಯ ಕಡೆ ಕೈ ತೋರಿಸಿದ. ಹುಲುಗಪ್ಪನ ಹತ್ತಿರ ಕನ್ನಡಕವಿರಲಿಲ್ಲ. ಕನ್ನಡಕ ತರುತ್ತೇನೆಂದು ಮನೆಗೆ ಹೋದ.

ಸಂಜೀವ ಒಣ ಬಟ್ಟೆ ತರಲು ಒಳಗೆ ಹೋದದ್ದು ಎರಡು ನಿಮಿಷ. ಹೊರಗೆ ಮೋಟರಿನ ಸದ್ದು ಕೇಳಿತು. ಓಡಿ ಬಂದು ನೋಡಿದರೆ ಹುಲುಗಪ್ಪ ತನ್ನ ಮನೆಯ ಸಂಪಿನ ಪಂಪು ಚಾಲೂ ಮಾಡಿ, ಪೈಪನ್ನು ರಸ್ತೆಯ ಈಚೆಗೆ ಎಳೆದು ತಂದು, ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಸೈಕಲ್ಲಿನ ಹೊಟ್ಟೆಗೆ ನೇರ ಗುರಿಯಿಟ್ಟಿದ್ದ. ಮೋಟರಿನ ಒಂದು ಕಡೆ ಹೊಕ್ಕ ನೀರು ಇನ್ನೊಂದು ಕಡೆಯಿಂದ ಕಾರಂಜಿಯಾಗಿ ಹೊರಡುತ್ತಿತ್ತು. ಪಿನ್ನುಗಳಿಗೆ ಕಟ್ಟಿದ್ದ ಪ್ಲಾಸ್ಟಿಕ್ ಚೀಲ ಹಾರಿ ಬೇವಿನ ಮರದ ಟೊಂಗೆಗೆ ಸಿಕ್ಕಿಕೊಂಡಿತ್ತು.

"ಮಾವಾ! ಬಂದ್ ಮಾಡ್ರಿ! ಬಂದ್ ಮಾಡ್ರಿ!"

"ಆತು ಆತು, ಎಷ್ಟು ಕ್ಲೀನ್ ಆತು ನೋಡು" ಎಂದು ಹುಲುಗಪ್ಪ ನೀರಿನ ಧಾರೆಯನ್ನು ಹ್ಯಾಂಡಲ್ಲಿನ ಕಡೆ ತಿರುಗಿಸಿದ. ಸಂಜೀವ ಮಣೆ, ಶಾಕು ಎಲ್ಲ ಮರೆತು ರಸ್ತೆ ದಾಟಿ ಓಡಿ ಪಂಪಿನ ಸ್ವಿಚ್ಚು ಆರಿಸಿದ. ಅವನು ತಿರುಗಿ ಬರುವಷ್ಟರಲ್ಲಿ ಹುಲುಗಪ್ಪ ಎರಡೂ ಚಕ್ರದ ಬ್ರೇಕಿನ ತಟ್ಟೆಗಳಿಗೆ ಕೊಬ್ಬರಿ ಎಣ್ಣೆ ಸವರಿ ಮುಗಿಸಿದ್ದ. ತಟ್ಟೆಗಳು ದೇವರ ಮನೆಯ ಸಾಮಾನಿನಂತೆ ಹೊಳೆಯುತ್ತಿದ್ದವು.

"ತುಕ್ಕು ಹಿಡಿಬಾರದು ನೋಡು" ಎಂದು ಹುಲುಗಪ್ಪ ಕೈ ಒರೆಸಿಕೊಂಡ.

ಬೈಯಬೇಕೆಂದರೆ ಹುಲುಗಪ್ಪ ಸಂಜೀವನ ತಂದೆಯ ವಾರಿಗೆಯವನು, ಪಂಪೂ ನೀರೂ ಅವನದೇ. ಸಂಜೀವ ಕೆಳಗೆ ಕುಳಿತು ಸೈಕಲ್ಲನ್ನು ಒರೆಸಿದ. ಕಟ್ಟಿಗೆ ಕಡ್ಡಿಗೆ ಬಟ್ಟೆ ಸುತ್ತಿ ಸಂದಿಗೊಂದಿಯಲ್ಲಿ ಆಡಿಸಿದ. ಬಿಸಿಲು ಏರಿತು. ಹನ್ನೊಂದು ಗಂಟೆಗೆ ಬ್ಯಾಟರಿ ಹಾಕಿ ನೋಡೋಣವೆಂದು ಕಟ್ಟೆಯ ಹತ್ತಿರ ಹೋದ.

ಟವೆಲ್ ಇತ್ತು. ಬ್ಯಾಟರಿ ಇರಲಿಲ್ಲ.

ಮುಂದಿನ ಒಂದು ಗಂಟೆ ಆ ಓಣಿಯಲ್ಲಿ ಬ್ಯಾಟರಿ ಹುಡುಕದವರು ಕನಕಮ್ಮ ಒಬ್ಬಳೇ. ಅವಳು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಹುಲುಗಪ್ಪ, "ಗುಜರಿಯವ ಹತ್ತು ಗಂಟಿಗೆ ಈ ಕಡೆ ಹೋದ, ನಾನ ನೋಡೀನಿ" ಎಂದ. ಸಂಜೀವ ಗುಜರಿಯವನನ್ನು ಹುಡುಕಿಕೊಂಡು ಮೂರು ಓಣಿ ಅಲೆದ. ಸಿಕ್ಕ ಗುಜರಿಯವನ ಚೀಲದಲ್ಲಿ ಎರಡು ಬಕೆಟ್ಟು, ಒಂದು ಮಿಕ್ಸಿ ಜಾರು ಇದ್ದವು. ಸೋತು ಮನೆಗೆ ಬಂದು ನೀರು ಕೇಳಿದಾಗ ಕನಕಮ್ಮ ಅವನ ಮುಖ ನೋಡಿ, "ಏನು ಕಳಕೊಂಡಿ?" ಎಂದಳು.

"ಬ್ಯಾಟರಿ ಯವ್ವಾ. ಕರ್ರಗ, ಇಷ್ಟುದ್ದ ಇತ್ತಲ್ಲ, ಕಟ್ಟಿ ಮ್ಯಾಲ."

"ಅದಾ? ಜ್ವಾಳದ ಡಬ್ಬ್ಯಾಗ ಇಟ್ಟೀನಿ."

"ಜ್ವಾಳದ ಡಬ್ಬ್ಯಾಗ!"

"ನಿನ್ನ ಹೆಂಡ್ತಿ ಮೊಬೈಲು ನೀರಾಗ ಬಿದ್ದಾಗ ಅಕ್ಕ್ಯಾಗ ಇಟ್ಟಿದ್ಲಲ್ಲ. ನೀವಿಬ್ಬರೂ ಹಂಗ ನೀರು ಹಾರ್ಸಾಕತ್ತಿದ್ರಿ, ಇದಕ್ಕೂ ಬಿದ್ದಿರ್ತೈತಿ ಅಂದೆ. ಅಕ್ಕಿ ಸ್ವಲ್ಪ ಐತಿ, ಇದು ಮುಳುಗಂಗಿಲ್ಲ. ಅದಕ್ಕ ಜ್ವಾಳ."

ಸಂಜೀವ ಡಬ್ಬಿಯಲ್ಲಿ ಮೊಣಕೈವರೆಗೆ ಕೈ ಹಾಕಿ ಬ್ಯಾಟರಿಯನ್ನು ಎತ್ತಿದ. ಜೋಳದ ಧೂಳು ಹತ್ತಿ ಅದು ಬೂದಿ ಬಳಿದುಕೊಂಡ ಹಾಗಿತ್ತು. ಒರೆಸಿ, ಸೈಕಲ್ಲಿಗೆ ಕೂರಿಸಿ, ಗುಂಡಿ ಒತ್ತಿದ. ಪರದೆ ಹತ್ತಲಿಲ್ಲ. ಮತ್ತೊಮ್ಮೆ ಒತ್ತಿದ. ಹತ್ತಲಿಲ್ಲ. ಹುಲುಗಪ್ಪ ತಾನೂ ಒಮ್ಮೆ ಒತ್ತಿ, ಅಭ್ಯಾಸಬಲದಿಂದ ಕಂಬದ ಕಡೆ ನೋಡಿ ತಲೆಯಾಡಿಸಿದ.

"ಹೋತು" ಎಂದ.

ಚಾರ್ಜ್ ಇಲ್ಲವೆಂದು ಪ್ರವೀಣಕುಮಾರರು ಹೇಳಿದ್ದು ಸಂಜೀವನಿಗೆ ನೆನಪಾಗದೆ ಇರಲಿಲ್ಲ. ಆದರೆ ಬ್ಯಾಟರಿಯ ಪಕ್ಕದ ಸಣ್ಣ ಗುಂಡಿ ಒತ್ತಿದರೆ ಅದರ ಮೇಲೆಯೇ ನಾಲ್ಕು ಹಸಿರು ಚುಕ್ಕೆ ಮೂಡುತ್ತಿದ್ದವು. ಚಾರ್ಜ್ ಪೂರ್ತಿ ಇತ್ತು. ಅಂದರೆ ಕೆಟ್ಟದ್ದು ಸೈಕಲ್ಲು. ಕೆಡಿಸಿದ್ದು ತಾನು. ಲಕ್ಷದ ಮೇಲಿನ ಸಾಮಾನು, ನಾಳೆ ಮೇಡಂ ಬರುವವರು, ಇವತ್ತು ಐದಕ್ಕೆ ಸರ್ ಬರುವವರು. ಆರು ವರ್ಷ ಬಿಸಿಲಲ್ಲಿ ಸಸಿ ಎಣಿಸಿದ್ದು ಒಂದು ಪೈಪಿನ ನೀರಲ್ಲಿ ಕೊಚ್ಚಿಹೋಗಿತ್ತು.

ಸರ್ಕಾರಿ ಬಸ್ ಸ್ಟ್ಯಾಂಡಿನ ಹತ್ತಿರ ಪಾಲಯ್ಯನ ಸೈಕಲ್ ಅಂಗಡಿ. ಭಾನುವಾರವೂ ತೆರೆದಿರುತ್ತಿತ್ತು. ಊಟ ಬಿಟ್ಟು ಸಂಜೀವ ಸೈಕಲ್ಲನ್ನು ತಳ್ಳಿಕೊಂಡು ಹೊರಟ. ಅದು ಎತ್ತಿನ ಹಾಗೆ ಭಾರ. ಇಳಿಜಾರು ಬಂದ ಮೇಲೆ ತಳ್ಳುವುದೇಕೆಂದು ಹತ್ತಿ ಕುಳಿತ. ಸೈಕಲ್ಲು ಸರಾಗವಾಗಿ ಹೊರಟಿತು. ಪಾಲಯ್ಯನ ಅಂಗಡಿ ಹತ್ತಿರವಾದಾಗ ಬ್ರೇಕು ಹಿಡಿದ. ಬ್ರೇಕಿನ ತಟ್ಟೆಗಳು ಕೊಬ್ಬರಿ ಎಣ್ಣೆಯಲ್ಲಿ ಮಿರಮಿರ ತಿರುಗಿದವು.

ಅಂಗಡಿಯ ಮುಂದೆ ಕುಳಿತಿದ್ದ ಪಾಲಯ್ಯನಿಗೆ ಸಂಜೀವ, "ಪಾಲಯ್ಯಣ್ಣಾ, ಇದು ನಿನ್ನ ಹತ್ರನ ತಂದೀನಿ!" ಎಂದು ಕೂಗುತ್ತಲೇ ದಾಟಿಹೋದ. ಕೊಟ್ಟೂರಿನ ಬಸ್ಸೊಂದು ಹಾರ್ನು ಹೊಡೆದು ನಿಂತುಕೊಂಡಿತು. ಅದರ ಮೂತಿಯನ್ನು ಸವರಿಕೊಂಡು ಸೈಕಲ್ಲು ರಸ್ತೆ ದಾಟಿ, ಉಚ್ಚಂಗೆಮ್ಮನ ಮೆಣಸಿನಕಾಯಿ ಬಂಡಿಯ ಪಕ್ಕಕ್ಕೆ ನಿಲ್ಲಿಸಿದ್ದ ಆಳೆತ್ತರದ ಮಂಡಕ್ಕಿ ಚೀಲದೊಳಗೆ ಹೊಕ್ಕಿತು. ಮಂಡಕ್ಕಿ ಆಕಾಶಕ್ಕೆ ಹಾರಿ, ಯಾರದೋ ಮದುವೆಯ ಅಕ್ಷತೆಯಂತೆ ನಿಧಾನವಾಗಿ ಕೆಳಗೆ ಬಂತು.

ಬಾಣಲೆಯಿಂದ ಮೆಣಸಿನಕಾಯಿ ಎತ್ತುತ್ತಿದ್ದ ಉಚ್ಚಂಗೆಮ್ಮ ತಲೆ ತಿರುಗಿಸಿ ನೋಡಿದಳು. ಚೀಲದೊಳಗಿಂದ ಎದ್ದ ಮನುಷ್ಯನಿಗೆ, "ಮೆಣಸಿನಕಾಯಿ ಎಷ್ಟು ಹಾಕ್ಲಿ?" ಎಂದು ಕೇಳಿದಳು.

ಪಾಲಯ್ಯ ಬಂದು ಸೈಕಲ್ಲನ್ನೂ ಸಂಜೀವನನ್ನೂ ಅಂಗಡಿಗೆ ಕರೆದುಕೊಂಡು ಹೋದ. ಪಾಲಯ್ಯ ಮಾತು ಕಡಿಮೆಯ ಮನುಷ್ಯ. ಮೊದಲು ಬ್ರೇಕಿನ ತಟ್ಟೆ ಮುಟ್ಟಿ ಬೆರಳು ಮೂಸಿ ನೋಡಿದ.

"ತಲಿಗೆ ಹಚ್ಚೋದನ್ನ ಇದಕ್ಕ ಯಾರು ಹಚ್ಚಿದ್ರು?"

ಅಷ್ಟರಲ್ಲಿ ಎರಡು ಗಂಟೆಗೆ ಡ್ಯೂಟಿ ಮುಗಿಸಿ ಹೊರಟ ಸಂಘಮಿತ್ರಾ, ತಲೆಯ ತುಂಬ ಮಂಡಕ್ಕಿ ಇಟ್ಟುಕೊಂಡು ಸೈಕಲ್ ಅಂಗಡಿಯಲ್ಲಿ ಕುಳಿತ ಗಂಡನನ್ನು ಕಂಡಳು. ಏನಾಯಿತೆಂದು ಕೇಳಲಿಲ್ಲ. ಗಾಯ ಇದೆಯೇ ಎಂದು ಮೊಣಕೈ ತಿರುಗಿಸಿ ನೋಡಿದಳು. ಪಾಲಯ್ಯ, "ಎಣ್ಣಿ ಹೋಗ್ಬೇಕು ಅಂದ್ರ ಸ್ಪಿರಿಟ್ ಬೇಕಕ್ಕಾ" ಎಂದಾಗ ಎದುರಿನ ಮೆಡಿಕಲ್ ಶಾಪಿಗೆ ಹೋಗಿ ಒಂದು ಬಾಟಲಿ ತಂದು, ಅದರ ಮೇಲಿನ ತಾರೀಕು ಓದಿ ನೋಡಿ ಕೊಟ್ಟಳು.

ಪಾಲಯ್ಯ ತಟ್ಟೆಗಳನ್ನು ಒರೆಸಿದ. ಬ್ಯಾಟರಿ ಬಿಚ್ಚಿದ. ಅದು ಕೂರುವ ಜಾಗದಲ್ಲಿ ಮೂರು ಜೋಳದ ಕಾಳು ಸಿಕ್ಕವು, ತೆಗೆದು ಪಕ್ಕಕ್ಕಿಟ್ಟ. ಟಾರ್ಚು ಹಾಕಿ ಪಿನ್ನುಗಳನ್ನು ಬಹಳ ಹೊತ್ತು ನೋಡಿದ.

"ಪಿನ್ನು ಕಿಲುಬು ಹಿಡದು ಹಸಿರು ಕಟ್ಯಾವ. ಇದು ಇವತ್ತಿನ ನೀರಲ್ಲ ಸಂಜೀವಪ್ಪ. ಎಂಟು ದಿನದ ಹಿಂದಿನ ನೀರು."

"ಅದೆಲ್ಲಾ ಇರ್ಲಿ ಅಣ್ಣ. ಚಾಲೂ ಆಕ್ಕೈತೋ ಇಲ್ಲೋ ಹೇಳು."

ಹೆದರಿದ ಮನುಷ್ಯನಿಗೆ ಕಿವಿ ಇರುವುದಿಲ್ಲ. ಸಂಘಮಿತ್ರಾಳಿಗೆ ಇದ್ದವು. ಪಾಲಯ್ಯ ಹಳೇ ಹಲ್ಲುಜ್ಜುವ ಬ್ರಷ್ಷಿಗೆ ಸ್ಪಿರಿಟ್ ಅದ್ದಿ ಪಿನ್ನು ಪಿನ್ನನ್ನೂ ಉಜ್ಜಿದ. ಮೋಟರಿನ ವೈರು ಕೂಡುವಲ್ಲಿ ಬಿಚ್ಚಿ ಒಣಗಿಸಿ, ನೀರು ಹೋಗದಂತೆ ಗ್ರೀಸು ತುಂಬಿ, ರಬ್ಬರ್ ಸುತ್ತಿ ಬಿಗಿದ. ಚೈನಿಗೆ ಎಣ್ಣೆ ಬಿಟ್ಟ. ಒಂದು ಗಂಟೆ ಬಿಸಿಲಿಗೆ ಒಡ್ಡಿದ. ಮೂರೂವರೆಗೆ ಬ್ಯಾಟರಿ ಹಾಕಿ ಗುಂಡಿ ಒತ್ತಿದಾಗ ಪರದೆ ಫಕ್ಕನೆ ಹತ್ತಿಕೊಂಡಿತು. ಸಂಜೀವನ ಕಣ್ಣಲ್ಲಿ ನೀರು ಬಂತು.

"ಇನ್ನ ಇದನ್ನ ಕೆರಿಯಾಗ ಮುಳುಗ್ಸಿದ್ರೂ ಕೆಡಂಗಿಲ್ಲ" ಎಂದ ಪಾಲಯ್ಯ.

ಐದು ಗಂಟೆಗೆ ಸರಿಯಾಗಿ ಪ್ರವೀಣಕುಮಾರರು ಬಂದರು. ಸಾವಿನ ಮನೆಗೆ ಬರುವವರ ಮುಖ ಮಾಡಿಕೊಂಡಿದ್ದರು. ಕೈಯಲ್ಲೊಂದು ಉದ್ದನೆಯ ಲಕೋಟೆ ಇತ್ತು. ಶಿಫಾರಸು ಪತ್ರ!

"ಸಂಜೀವ, ಏನ್ ಮಾಡಿಬಿಟ್ರಿ ನೀವು" ಎಂದರು ಪ್ರವೀಣಕುಮಾರರು, ಇನ್ನೂ ಸೈಕಲ್ಲಿನ ಕಡೆ ನೋಡದೆ.

"ಏನಿಲ್ರಿ ಸರ್, ಸ್ವಲ್ಪ ತೊಳದೆ."

"ತೊಳೆದ್ರಾ? ಅಯ್ಯೋ! ಇಂಥದನ್ನ ತೊಳೀಬಾರ್ದು ಅಂತ ಗೊತ್ತಿರಲಿಲ್ವಾ? ಈಗ ಇದು ಆನ್ ಆಗಲ್ಲ."

"ಆಕ್ಕೈತ್ರಿ" ಎಂದು ಸಂಜೀವ ಗುಂಡಿ ಒತ್ತಿದ. ಪರದೆ ಬೆಳಗಿತು. ಮುಂದಿನ ದೀಪವೂ ಹೊತ್ತಿಕೊಂಡು ಪ್ರವೀಣಕುಮಾರರ ಹೊಟ್ಟೆಯ ಮೇಲೆ ಬೆಳಕು ಚೆಲ್ಲಿತು.

ಪ್ರವೀಣಕುಮಾರರು ಕಟ್ಟೆಯ ಮೇಲೆ ಕುಳಿತುಬಿಟ್ಟರು. ನೀರು ಕೇಳಿದರು. ಕುಡಿಯುವಾಗ ತೊಡೆಯ ಮೇಲಿನ ಲಕೋಟೆ ಜಾರಿ ಕೆಳಗೆ ಬಿತ್ತು. ಸಂಜೀವ ಅದನ್ನೆತ್ತಿ ಕಣ್ಣಿಗೊತ್ತಿಕೊಂಡು ಬಿಡಿಸಿದ. 'ಕಾರಣ ಕೇಳಿ ನೋಟಿಸ್' ಎಂದಿತ್ತು. ಸಂಸ್ಥೆಯ ವಿದ್ಯುತ್ ಬೈಕನ್ನು ಅಜಾಗರೂಕತೆಯಿಂದ ನೀರು ಹಾಕಿ ತೊಳೆದು ಸಂಪೂರ್ಣ ಕೆಡಿಸಿದ್ದಕ್ಕೆ ನಿಮ್ಮ ಮೇಲೆ ಕ್ರಮ ಏಕೆ ಕೈಗೊಳ್ಳಬಾರದು ಎಂದು ಅದು ಸಂಜೀವನನ್ನು ಕೇಳುತ್ತಿತ್ತು.

ಸಂಘಮಿತ್ರಾ ಗಂಡನ ಕೈಯಿಂದ ಕಾಗದ ತೆಗೆದುಕೊಂಡು ಮೊದಲು ತಾರೀಕು ನೋಡಿದಳು.

"ಸರ್, ಇವ್ರು ನೀರು ಹಾಕಿದ್ದು ಇವತ್ತು, ಭಾನುವಾರ. ನೀವು ನೋಟಿಸ್ ಬರದದ್ದು ನಿನ್ನಿ, ಶನಿವಾರ."

ಪ್ರವೀಣಕುಮಾರರು ಟವೆಲ್ಲಿನಿಂದ ಮುಖ ಒರೆಸಿಕೊಂಡು ಎಲ್ಲ ಹೇಳಿದರು. ಹಿಂದಿನ ವಾರ ಕಾನಹೊಸಹಳ್ಳಿಯ ಕಡೆ ಹೋದಾಗ ಹೈವೇ ಮೇಲೆ ಲಾರಿ ತೊಳೆಯುವವನೊಬ್ಬನ ಹತ್ತಿರ ಸೈಕಲ್ಲನ್ನು ತೊಳೆಸಿದ್ದರು. ಅವನು ಅದನ್ನೂ ಲಾರಿಯೆಂದೇ ತಿಳಿದು ತೊಳೆದಿದ್ದ. ಅವತ್ತೇ ಅದು ಸತ್ತಿತ್ತು. ಮೇಡಂ ಬರುವ ಸುದ್ದಿ ತಿಳಿದಾಗ ಬೇರೆ ದಾರಿ ಕಾಣದೆ ಅದಕ್ಕೆ ತಾವೇ ಕೈಯಾರೆ ಕೆಸರು ಮೆತ್ತಿದ್ದರು; ಸಂಜೀವ ತೊಳೆದು ಕೆಡಿಸಿದ್ದಾನೆ, ಹೊಸ ಬೈಕು ಕೊಡಿ ಎಂದು ಶನಿವಾರವೇ ಮೇಡಂಗೆ ಮೇಲ್ ಕಳಿಸಿದ್ದರು.

"ಆದ್ರ ಶನಿವಾರ ನಾನು ತೊಳದಿದ್ದಿಲ್ಲಲ್ರಿ ಸರ್?"

"ಭಾನುವಾರ ತೊಳದೇ ತೊಳೀತೀರಿ ಅಂತ ಗೊತ್ತಿತ್ತಲ್ರಿ. ಆರು ವರ್ಷದಿಂದ ನಿಮ್ಮನ್ನ ನೋಡಿಲ್ವಾ ನಾನು?" ಎಂದರು ಪ್ರವೀಣಕುಮಾರರು. ಅವರ ದನಿಯಲ್ಲಿ ನಿಜವಾದ ಅಭಿಮಾನವಿತ್ತು.

ಈಗ ಸಮಸ್ಯೆ ಬೇರೆಯಾಗಿತ್ತು. ಬೈಕು ಕೆಟ್ಟಿದೆ ಎಂದು ಬರೆದಾಗಿದೆ, ಬೈಕು ಓಡುತ್ತಿದೆ. ನಾಳೆ ಮೇಡಂ ಬಂದು ನೋಡಿದರೆ ಪ್ರವೀಣಕುಮಾರರು ಸುಳ್ಳುಗಾರರಾಗುತ್ತಾರೆ. ಸುಳ್ಳುಗಾರರ ಶಿಫಾರಸಿನಿಂದ ಯಾರ ನೌಕರಿಯೂ ಕಾಯಂ ಆಗುವುದಿಲ್ಲ. "ಅದಕ್ಕೆ ಸಂಜೀವ, ನೀವೇ ಯೋಚನೆ ಮಾಡ್ರಿ. ಬೈಕು ಕೆಟ್ಟಿರಬೇಕು. ತಪ್ಪಾಯ್ತು ಅಂತ ನೀವೊಂದು ಮಾತು ಹೇಳಿದ್ರೆ ಸಾಕು, ಎಚ್ಚರಿಕೆ ಕೊಟ್ಟು ಬಿಡಿಸ್ತೀನಿ. ಪತ್ರಕ್ಕೆ ಇವತ್ತೇ ಸಹಿ ಹಾಕ್ತೀನಿ. ನೋಡ್ರಿ, ತಂದೇ ಇದೀನಿ" ಎಂದು ಕಿಸೆಯಿಂದ ಇನ್ನೊಂದು ಕಾಗದ ತೆಗೆದರು. ಅದು ಶಿಫಾರಸು ಪತ್ರವೇ. ಪೆನ್ನೂ ಹೊರಗೆ ಬಂತು.

ಸಂಜೀವ ಹೆಂಡತಿಯ ಮುಖ ನೋಡಿದ.

"ಚೊಲೋ ಆದದ್ದನ್ನ ಕೆಡಿಸಾಕ ನಾನು ಹೂಂ ಅನ್ನಂಗಿಲ್ಲ" ಎಂದು ಸಂಘಮಿತ್ರಾ ಒಳಗೆ ಹೋದಳು.

ಪೆನ್ನಿನ ಮುಚ್ಚಳ ತೆಗೆದಾಗಿತ್ತು. ಸಂಜೀವ ಎದುರು ಮನೆಯ ಬಾಗಿಲಿಗೆ ಹೋಗಿ, "ಮಾವ, ಆ ಪಂಪು ಸ್ವಲ್ಪ ಚಾಲೂ ಮಾಡ್ರಿ" ಎಂದ. ಹುಲುಗಪ್ಪನಿಗೆ ಕಾರಣ ಬೇಕಿರಲಿಲ್ಲ. ತನ್ನ ವಿಧಾನವನ್ನು ಕೊನೆಗೂ ಒಪ್ಪಿಕೊಂಡರೆಂದು ಅವನಿಗೆ ಸಂತೋಷವಾಯಿತು.

ಸಂಜೀವ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಮೋಟರಿಗೆ ನೀರು ಬಿಟ್ಟ. ಪರದೆ ಬೆಳಗುತ್ತಲೇ ಇತ್ತು. ಬ್ಯಾಟರಿಯ ಸಂದಿಗೆ ಬಿಟ್ಟ. ಬೆಳಗುತ್ತಲೇ ಇತ್ತು. ತಲೆಕೆಳಗು ನಿಲ್ಲಿಸಿ ಬಿಟ್ಟ. ದೀಪ ಈಗ ನೆಲದ ಬದಲು ಆಕಾಶಕ್ಕೆ ಬೆಳಕು ಚೆಲ್ಲಿತು, ಅಷ್ಟೇ. ಚೀಟಿಯಲ್ಲಿ ಮಾಡಬಾರದೆಂದು ಇದ್ದ ಒಂದೊಂದನ್ನೂ ಮಾಡಿ ಮುಗಿಸಿದ. ಪ್ರವೀಣಕುಮಾರರು ಪಕ್ಕದಲ್ಲಿ ನಿಂತು, "ಇನ್ನೂ ಜೋರು, ಈ ಕಡೆ, ಈ ಕಡೆ" ಎಂದು ದಾರಿ ತೋರಿಸುತ್ತಿದ್ದರು. ಪಾಲಯ್ಯನ ಗ್ರೀಸು ಒಂದು ಹನಿ ನೀರನ್ನೂ ಒಳಗೆ ಬಿಟ್ಟುಕೊಳ್ಳಲಿಲ್ಲ.

ಪಂಪಿನ ಸದ್ದಿನಲ್ಲಿ ಓಣಿಗೆ ಕಾರು ಬಂದದ್ದು ಯಾರಿಗೂ ಕೇಳಲಿಲ್ಲ. ಹಡಗಲಿಯಲ್ಲಿ ಕೆಲಸ ಬೇಗ ಮುಗಿದದ್ದರಿಂದ ಗುರುಬಸಮ್ಮ, ನಾಳೆಗೆ ಇನ್ನೊಮ್ಮೆ ಬರುವುದೇಕೆಂದು ಇವತ್ತೇ ಕೂಡ್ಲಿಗಿಗೆ ಬಂದಿದ್ದರು. ಆಫೀಸು ಮುಚ್ಚಿತ್ತು, ಸಂಜೀವನ ಮನೆ ಕೇಳಿಕೊಂಡು ಬಂದರು. ಅವರು ಕಂಡದ್ದು ಇದು: ಸೈಕಲ್ಲು ತಲೆಕೆಳಗು, ಮೊಣಕಾಲವರೆಗೆ ಪ್ಯಾಂಟು ಮಡಚಿದ ಸಂಜೀವ, ಅವನ ಕೈಯಲ್ಲಿ ಪೈಪು, ಪೈಪಿನ ನೀರು ನೇರ ಮೋಟರಿಗೆ.

"ಏನ್ರೀ ಇದು?"

ಸಂಜೀವ ಗಾಬರಿಯಾಗಿ ಪೈಪಿನ ಸಮೇತ ತಿರುಗಿದ. ಗುರುಬಸಮ್ಮ ಪಕ್ಕಕ್ಕೆ ಸರಿದರು, ನೀರು ಕಾರಿನ ಗಾಜಿಗೆ ಬಿತ್ತು.

ಪ್ರವೀಣಕುಮಾರರು ಒಂದು ಕ್ಷಣ ಬೆಪ್ಪಾದರು. ಒಂದೇ ಕ್ಷಣ. ಆಮೇಲೆ ಎರಡು ಹೆಜ್ಜೆ ಮುಂದೆ ಬಂದು ಕೈ ಮುಗಿದರು. "ನೀವೇ ಕಣ್ಣಾರೆ ನೋಡ್ರಿ ಮೇಡಂ. ನಾನು ಬರೆದದ್ದು ಸುಳ್ಳಾ? ಬೇಡ ಬೇಡ ಅಂತ ಪಕ್ಕದಲ್ಲೇ ನಿಂತು ಬಡ್ಕೋತಾ ಇದೀನಿ."

ಒಳಗಿನಿಂದ ಸಂಘಮಿತ್ರಾ ನೋಟಿಸು ಹಿಡಿದು ಓಡಿ ಬಂದಳು. "ಮೇಡಂ, ಇದರ ತಾರೀಕು ನೋಡ್ರಿ. ಶನಿವಾರ ಬರದಾರ. ನಮ್ಮನಿಯವ್ರು ನೀರು ಮುಟ್ಟಿದ್ದ ಇವತ್ತು."

ಗುರುಬಸಮ್ಮ ತಾರೀಕು ನೋಡಿ ಹುಬ್ಬೇರಿಸಿದರು. ಪ್ರವೀಣಕುಮಾರರು ಮೆಲ್ಲಗೆ ಕೆಮ್ಮಿದರು.

"ಅದು ಮೊದಲನೇ ಸಲ ತೊಳೆದದ್ದಕ್ಕೆ ಮೇಡಂ. ಇದು ಎರಡನೇ ಸಲ."

ಓಣಿಯ ಮರ್ಯಾದೆಯ ಪ್ರಶ್ನೆಯೆಂದು ಹುಲುಗಪ್ಪನಿಗೆ ಅನಿಸಿತು. ತಮ್ಮ ಹುಡುಗ ಸೋಮಾರಿಯಲ್ಲ ಎಂದು ದೊಡ್ಡವರಿಗೆ ಗೊತ್ತಾಗಬೇಕು. ಅವನು ಪಂಪು ಬಿಟ್ಟು ರಸ್ತೆ ದಾಟಿ ಬಂದ. "ಖರೇ ಐತ್ರಿ ಯಮ್ಮಾ. ಇವತ್ತೊಂದಿನಾನ ಎರಡು ಸಲ ತೊಳದಾನ. ಮುಂಜಾನಿ ಎಂಟರಿಂದ ಊಟ ಬಿಟ್ಟು ತೊಳದಾನ. ನಾನ ಸಾಕ್ಷಿ."

ಗುರುಬಸಮ್ಮ ಸಂಜೀವನ ಕಡೆ ತಿರುಗಿದರು. "ಹೇಳ್ರಿ. ಯಾಕೆ ಹಿಂಗೆ ನೀರು ಹಾಕ್ತಿದ್ರಿ?"

ಸಂಜೀವ ಪ್ರವೀಣಕುಮಾರರ ಮುಖ ನೋಡಿದ. ಪ್ರವೀಣಕುಮಾರರು ಶಿಫಾರಸು ಪತ್ರವನ್ನು ಸದ್ದಿಲ್ಲದೆ ನಾಲ್ಕು ಮಡಿಕೆ ಮಾಡುತ್ತಿದ್ದರು. ಕೆಡಿಸುವುದಕ್ಕೆ ಎಂದರೆ ನೌಕರಿ ಹೋಗುತ್ತದೆ. ಸರ್ ಹೇಳಿದರು ಎಂದರೆ ನಂಬುವವರಿಲ್ಲ.

"ಸ್ವಚ್ಛ ಆಗ್ಲಿ ಅಂತ್ರಿ" ಎಂದ.

ಗುರುಬಸಮ್ಮ ಸೈಕಲ್ಲನ್ನು ನೆಟ್ಟಗೆ ನಿಲ್ಲಿಸಲು ಹೇಳಿದರು. ಹೊಳೆಯುತ್ತಿದ್ದ ಪರದೆಯನ್ನು ನೋಡಿದರು. ಸೀರೆಯ ನೆರಿಗೆ ಎತ್ತಿ ಕಟ್ಟಿ ಹತ್ತಿ ಕುಳಿತು ಓಣಿಯ ಆ ತುದಿಯವರೆಗೆ ಹೋಗಿ ಬಂದರು. ಬ್ರೇಕು ಹಿಡಿದಾಗ ಸೈಕಲ್ಲು ಸರಿಯಾಗಿ ಪ್ರವೀಣಕುಮಾರರ ಕಾಲ ಬೆರಳಿನ ಮುಂದೆ ನಿಂತಿತು.

"ಬೈಕಿಗೆ ಏನೂ ಆಗಿಲ್ಲ. ಹೊಸದು ಬೇಕಾಗಿಲ್ಲ ಪ್ರವೀಣಕುಮಾರ್. ಇಂಥವರ ಕೈಗೆ ಸಿಗೋದಕ್ಕಿಂತ ಇದು ಹಡಗಲಿ ಆಫೀಸಿನಾಗ ಇರ್ಲಿ, ನಾಳೆ ಗಾಡಿ ಕಳಸ್ತೀನಿ. ಸಂಜೀವ, ನಿಮ್ಮನ್ನ ಕಾಯಂ ಮಾಡೋ ವಿಚಾರ ಇತ್ತು. ನೋಟಿಸ್ ಕೊಟ್ಟ ಮರುದಿನವೂ ಅದೇ ಕೆಲಸ ಮಾಡ್ತೀರಿ ಅಂದ್ರೆ ನಾನೇನು ಮಾಡ್ಲಿ? ಮುಂದಿನ ವರ್ಷ ನೋಡೋಣ."

ಕಾರು ಹೋಯಿತು. ಅದರ ಹಿಂದೆಯೇ, ಮನೆಗೆ ಹೊತ್ತಾಯಿತೆಂದು ಪ್ರವೀಣಕುಮಾರರೂ ನಡೆದು ಹೋದರು. ಸಂಜೀವ ಅಲ್ಲೇ ನಿಂತಿದ್ದ. ಅವನ ಕೈಯ ಪೈಪಿನಿಂದ ನೀರು ರಸ್ತೆಗೆ ಹರಿದು, ಚರಂಡಿ ಸೇರಿ, ಉಚ್ಚಂಗೆಮ್ಮನ ಬಂಡಿಯ ಕಡೆಗೆ ಇಳಿಯುತ್ತಿತ್ತು.

"ಪೈಪು ಬಂದ್ ಮಾಡ್ರಿ" ಎಂದಳು ಸಂಘಮಿತ್ರಾ. "ಅವರ ಸಂಪಿನ ನೀರೂ ಖಾಲಿ ಆಗಾಕ ಬಂತು."